ಜ್ವರ ಬಿಟ್ಟ ದಿನ

ಹೋದ ವಾರ ಬಸವನ ಬಾಗೇವಾಡಿಯ ನಮ್ಮ ಆಸ್ಪತ್ರೆಯ ಸ್ಟೋರ್ ರೂಮನ್ನು ಖಾಲಿ ಮಾಡುವಾಗ, ಹಳೆಯ ಎಕ್ಸ್‌ರೇ ಲಕೋಟೆಗಳ ಅಡಿಯಲ್ಲಿ ಒಂದು ಸಣ್ಣ ರಟ್ಟಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದೆ. ಒಳಗೆ ದಬ್ಬಣದಷ್ಟು ತೆಳ್ಳಗಿನ ಗಾಜಿನ ನಳಿಕೆಗಳು, ಪ್ರತಿಯೊಂದರ ತುದಿಗೂ ಒಂದು ಕೆಂಪು ಉಂಗುರ. ಜೊತೆಗಿದ್ದ ಫಾರ್ಮಸಿಸ್ಟರು, "ಅವು ಈಗ ಯಾಕ ಬೇಕ್ರಿ? ಎಲ್ಲಾ ಮಷಿನ್ನ ಮಾಡತೈತಿ. ಚೆಲ್ಲಿಬಿಡ್ರಿ" ಎಂದರು. ನಾನು ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಖಾಲಿ ನಳಿಕೆಯಲ್ಲೂ ಕಣ್ಣು ತಾನಾಗಿಯೇ ರಕ್ತದ ಮಟ್ಟ ಹುಡುಕಿತು... ಇಷ್ಟು ವರ್ಷಗಳ ಮೇಲೂ.

ನಾನು ಗೊಳಸಂಗಿಯವಳು. ನರ್ಸಿಂಗ್ ಮುಗಿಸಿ ಮೊದಲ ಸಲ ಕೆಲಸಕ್ಕೆ ಸೇರಿದ್ದು ಇಂಡಿ ಪಟ್ಟಣದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ. ಹನ್ನೆರಡು ಹಾಸಿಗೆ, ಒಬ್ಬರೇ ಡಾಕ್ಟರು, ಹಗಲಿಗೊಬ್ಬಳು ರಾತ್ರಿಗೊಬ್ಬಳು ನರ್ಸು. ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕೋಣೆಯೇ ಲ್ಯಾಬು. ಅಲ್ಲಿ ರಕ್ತ ತಪಾಸಣೆ ಮಾಡುತ್ತಿದ್ದವರನ್ನು ಎಲ್ಲರೂ ಲ್ಯಾಬ್ ಚಾಚಾ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಮೂಲ ಮುದ್ದೇಬಿಹಾಳದವರು. ಸಿಂದಗಿಯ ಒಂದು ಲ್ಯಾಬಿನಲ್ಲಿ ಹತ್ತು ವರ್ಷ ಕೆಲಸ ಮಾಡಿ ಇಂಡಿಗೆ ಬಂದವರು. ಐವತ್ತು ದಾಟಿದ್ದರು. ಗಡ್ಡ ಅರ್ಧ ನರೆತಿತ್ತು, ಬಿಳಿ ಕೋಟಿನ ತೋಳು ಮೊಣಕೈವರೆಗೆ ಮಡಚಿರುತ್ತಿತ್ತು. ನಡೆಯುವಾಗ ಮಾತ್ರ ಬಹಳ ಚುರುಕು.

ಅವರ ಎರಡು ಅಭ್ಯಾಸಗಳು ನನಗೆ ಆಗ ವಿಚಿತ್ರವೆನಿಸುತ್ತಿದ್ದವು. ಒಂದು, ರಿಪೋರ್ಟ್ ಚೀಟಿಯನ್ನು ಅವರು ಯಾರ ಕೈಯಲ್ಲೂ ಕಳಿಸುತ್ತಿರಲಿಲ್ಲ. ತಾವೇ ಮೆಟ್ಟಿಲು ಹತ್ತಿ ಬಂದು, ನನ್ನ ಮೇಜಿನ ಮೇಲಿಟ್ಟು, ನಾನು ಓದುವವರೆಗೆ ಅಲ್ಲೇ ನಿಲ್ಲುತ್ತಿದ್ದರು. ಇನ್ನೊಂದು, ಯಾರಾದರೂ ಲ್ಯಾಬಿಗೆ ಹೋದರೆ ಸಾಕು, ನಳಿಕೆಯನ್ನು ಅಳತೆಯ ಹಲಗೆಯ ಮೇಲಿಟ್ಟು, "ಓದ್ರಿ ನೋಡೋಣ, ಕೆಂಪು ಎಲ್ಲೀತನ ಐತಿ?" ಎನ್ನುತ್ತಿದ್ದರು. ನನ್ನ ಕೈಲಿ ಓದಿಸುತ್ತಿದ್ದರು, ಕಂಪೌಂಡರನ ಕೈಲಿ ಓದಿಸುತ್ತಿದ್ದರು, ಕೆಲವೊಮ್ಮೆ ರೋಗಿಯ ಕಡೆಯವರ ಕೈಲೂ ಓದಿಸುತ್ತಿದ್ದರು. ಕಲಿಸುವ ಹುಚ್ಚು ಇವರಿಗೆ ಎಂದುಕೊಂಡಿದ್ದೆ.

ನಳಿಕೆಯಲ್ಲಿ ರಕ್ತ ತುಂಬಿ, ತುದಿಗೆ ಜೇಡಿಮಣ್ಣಿನಂಥದನ್ನು ಒತ್ತಿ, ಯಂತ್ರದಲ್ಲಿಟ್ಟು ಐದು ನಿಮಿಷ ತಿರುಗಿಸಬೇಕಿತ್ತು. ಕೆಂಪು ಕಣಗಳು ತಳಕ್ಕೆ ಇಳಿದು ಕೂರುತ್ತಿದ್ದವು, ಮೇಲೆ ತಿಳಿಹಳದಿ ನೀರು ನಿಲ್ಲುತ್ತಿತ್ತು. ನೂರರಲ್ಲಿ ಕೆಂಪು ಎಷ್ಟು ಎನ್ನುವುದೇ ಪಿಸಿವಿ. ಆ ಯಂತ್ರ ಗುಯ್ಯೆನ್ನುತ್ತಿದ್ದ ಐದೈದು ನಿಮಿಷಗಳಲ್ಲೇ ನಾನು ಲೋಮನಾಳಗಳ ಬಗ್ಗೆ ಕಲಿತದ್ದು. ಕೂದಲೆಳೆಗಿಂತ ಸಣ್ಣ ಆ ರಕ್ತನಾಳಗಳ ಗೋಡೆ ಒಂದೇ ಕೋಶದ ದಪ್ಪ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಿದ್ದೆ, ಅಷ್ಟೇ. ಆ ಗೋಡೆ ಮೈಯಲ್ಲೆಲ್ಲ ಒಂದೇ ತರಹ ಇರುವುದಿಲ್ಲ ಎಂದು ತಿಳಿಸಿಕೊಟ್ಟವರು ಚಾಚಾ.

"ಮಿದುಳಿನ್ಯಾಗ ಕೋಶಕ್ಕ ಕೋಶ ಬಿಗಿಯಾಗಿ ಹೊಲಿದಂಗ ಇರ್ತಾವ್ರಿ ಸಿಸ್ಟರ್. ಬ್ಯಾಡಾದ್ದು ಒಳಗ ಹೋಗಬಾರದಲ್ಲ. ಕಿಡ್ನಿಯೊಳಗ ಅದ ಗೋಡಿಗೆ ಸಣ್ಣ ಸಣ್ಣ ಕಿಂಡಿ, ಅಲ್ಲಿ ಸೋಸೂ ಕೆಲಸ ಐತಿ. ಲಿವರ್‌ದಾಗ ಇನ್ನೂ ದೊಡ್ಡ ಸಂದಿ. ಯಾವ ಅಂಗಕ್ಕ ಏನು ಬೇಕೋ ಹಂಗ ಗೋಡಿ." ಉಳಿದ ಕಡೆ, ಎಂದರೆ ಚರ್ಮದಲ್ಲಿ, ಮಾಂಸದಲ್ಲಿ, ಕೋಶಗಳ ನಡುವಿನ ಸಣ್ಣ ಸಂದಿಗಳಿಂದ ನೀರು, ಉಪ್ಪು, ಸಕ್ಕರೆ ಆಚೆ ಹೋಗುತ್ತವೆ. ಅಲ್ಬುಮಿನ್ ಎಂಬ ದೊಡ್ಡ ಪ್ರೋಟೀನು ಮಾತ್ರ ಹೆಚ್ಚಾಗಿ ಒಳಗೇ ಉಳಿಯುತ್ತದೆ, ಒಳಗಿದ್ದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. "ಅದೂ ಹೊರಗ ಹೋಗಾಕ ಸುರು ಆತಂದ್ರ," ಎಂದು ಒಮ್ಮೆ ಹೇಳಿದ್ದರು, "ನೀರು ಅದರ ಹಿಂದ ಹೋಗತೈತಿ. ಮನಷ್ಯಾ ಒಂದು ಹನಿ ರಕ್ತ ಚೆಲ್ಲದನ ಒಣಗತಾನ." ನಾನು ತಲೆಯಾಡಿಸಿದ್ದೆ. ಅದು ಕಣ್ಣೆದುರು ನಡೆದಾಗ ಗುರುತು ಹಿಡಿಯಲಿಲ್ಲ.

ಆ ವರ್ಷ ಮಳೆ ನಿಂತ ಮೇಲೆ ಡೆಂಗ್ಯೂ ಹಬ್ಬಿತ್ತು. ವಾರ್ಡಿನ ಹನ್ನೆರಡೂ ಹಾಸಿಗೆ ತುಂಬಿದ್ದವು. ಎಲ್ಲರ ಬಾಯಲ್ಲೂ ಒಂದೇ ಮಾತು, ಪ್ಲೇಟ್‌ಲೆಟ್. ಮುಂಜಾನೆ ಎಷ್ಟಿತ್ತು, ಈಗ ಎಷ್ಟಾಯಿತು. ಪಪ್ಪಾಯಿ ಎಲೆ ಅರೆದ ಕಹಿ ವಾಸನೆ ಓಣಿಯ ತನಕ ಬರುತ್ತಿತ್ತು. ತಾಂಬಾದಿಂದ ನಿಂಬೆ ತೋಟದವರೊಬ್ಬರು ತಮ್ಮ ಮಗಳನ್ನು ಕರೆತಂದರು. ಹನ್ನೊಂದು ವರ್ಷದ ಹುಡುಗಿ, ಎರಡು ಜಡೆ, ಸುಡುವ ಮೈ. ಆಗಲೇ ಮೂರು ದಿನದ ಜ್ವರ. ದಾಖಲಾದ ದಿನ ಪಿಸಿವಿ ಮೂವತ್ತಾರು, ಮರುದಿನ ಮೂವತ್ತೆಂಟು. ಪ್ಲೇಟ್‌ಲೆಟ್ ಕಡಿಮೆಯಾದರೂ ಭಯಪಡುವಷ್ಟು ಕಡಿಮೆಯಿರಲಿಲ್ಲ. ಡಾಕ್ಟರು ನೋಡಿ, "ಜ್ವರ ಬಿಟ್ಟ ಮ್ಯಾಲ ಮನಿಗೆ ಕಳಿಸೋಣ" ಎಂದಿದ್ದರು.

ಜ್ವರ ಹಿಡಿದ ಐದನೆಯ ದಿನ ಮುಂಜಾನೆ ಮೈ ತಣ್ಣಗಾಗಿ ಜ್ವರ ಬಿಟ್ಟಿತು. ನಾನು ಎಂಟಕ್ಕೆ ಡ್ಯೂಟಿಗೆ ಬಂದಾಗ ಹುಡುಗಿ ಮಗ್ಗುಲಾಗಿ ಮಲಗಿದ್ದಳು. ಥರ್ಮಾಮೀಟರ್ ನೋಡಿದ ಅವಳ ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಕ್ತದೊತ್ತಡ ನೋಡಿದೆ, ನೂರು–ಎಂಬತ್ತು. ನೂರು ಇದೆಯಲ್ಲ, ಚೆನ್ನಾಗಿದೆ ಎಂದುಕೊಂಡು ಕೇಸ್ ಶೀಟಿನಲ್ಲಿ "ಜ್ವರವಿಲ್ಲ, ಸುಧಾರಿಸಿದ್ದಾಳೆ" ಎಂದು ಬರೆದೆ. ನನ್ನ ಕೈಯಾರೆ ಬರೆದೆ. ಆ ಅಕ್ಷರಗಳು ಇಂದಿಗೂ ಕಣ್ಣ ಮುಂದೆ ಇವೆ. ಹುಡುಗಿ ಹೊಟ್ಟೆ ನೋಯುತ್ತದೆ ಎಂದಳು, ಗಂಜಿ ಬೇಡವೆಂದಳು. ನಾಲ್ಕು ದಿನ ಜ್ವರ ಬಂದವಳಿಗೆ ಅಷ್ಟಾದರೂ ಇರದೇ ಎಂದು ಮುಂದಿನ ಹಾಸಿಗೆಗೆ ಹೋದೆ. ಡಾಕ್ಟರು ಅವತ್ತು ಯಾವುದೋ ಕೇಸಿನಲ್ಲಿ ಸಾಕ್ಷಿ ಹೇಳಲು ವಿಜಯಪುರದ ಕೋರ್ಟಿಗೆ ಹೋಗಿದ್ದರು.

ಹತ್ತು ಗಂಟೆಯ ಹೊತ್ತಿಗೆ ತಂದೆ ಬಂದು ಮೇಜಿನ ಮುಂದೆ ನಿಂತರು. "ಸಿಸ್ಟರ್, ನಮ್ಮ ಕಾಕಾನ ಜೀಪು ತಾಂಬಾಕ್ಕ ಹೊಂಟೈತಿ. ಹನ್ನೆರಡಕ್ಕ ಬಿಡ್ತಾರ. ನಮ್ಮ ಹುಡುಗೀನ ಕಳಿಸ್ರಿ." ಡಾಕ್ಟರ ಮಾತಿನಂತೆ ಜ್ವರ ಬಿಟ್ಟಿತ್ತು. ಕಡೆಯದೊಂದು ರಕ್ತ ಪರೀಕ್ಷೆ ಆದರೆ ಕಳಿಸಬಹುದು ಎಂದೆ. ಚಾಚಾ ಬಂದು ರಕ್ತ ತೆಗೆದುಕೊಂಡು ಹೋದರು. ಸೂಜಿ ಚುಚ್ಚುವಾಗ ಅವರು ಹುಡುಗಿಯ ಕೈಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡೇ ಇದ್ದರು.

ಅರ್ಧ ಗಂಟೆಯಾದರೂ ಚೀಟಿ ಬರಲಿಲ್ಲ. ತಂದೆ ಎರಡು ಸಲ ಬಂದು ಕೇಳಿ ಹೋದರು. ನಾನೇ ಕೆಳಗಿಳಿದು ಹೋದೆ. ಚಾಚಾ ಅಳತೆಯ ಹಲಗೆಯ ಮೇಲೆ ಬಗ್ಗಿ ಕೂತಿದ್ದರು. ಎದುರಿಗೆ ಮೂರು ನಳಿಕೆಗಳು. ಒಂದೇ ರಕ್ತವನ್ನು ಮೂರು ಸಲ ತಿರುಗಿಸಿದ್ದರು. ಫ್ಯಾನಿನ ಕೆಳಗೆ ಕೂತಿದ್ದರೂ ಹಣೆ ಒದ್ದೆಯಾಗಿತ್ತು.

"ಸಿಸ್ಟರ್, ಲಗೂನ ಬರ್ರಿ. ಇದನ್ನ ಓದ್ರಿ."

ಓದಿದೆ. ಕೆಂಪು ಕಂಬ ನಳಿಕೆಯ ಅರ್ಧದ ಹತ್ತಿರಕ್ಕೆ ಏರಿತ್ತು. "ನಲವತ್ತೈದ್ರಿ ಚಾಚಾ."

"ಇದು?"

"ಅದೂ ನಲವತ್ತೈದು."

"ಇದೊಂದು. ಸಾವಕಾಶ ನೋಡಿ ಹೇಳ್ರಿ."

ಮೂರೂ ಒಂದೇ. ಅವರು ಉಸಿರು ಬಿಟ್ಟು ಎದ್ದು ನಿಂತರು. "ನಿನ್ನಿ ಮೂವತ್ತೆಂಟು ಇತ್ತು. ಒಂದ ದಿನದಾಗ ಕೆಂಪು ಕಣ ಹುಟ್ಟಂಗಿಲ್ಲ. ನೀರು ಹೊರಗ ಹೊಂಟೈತಿ ಸಿಸ್ಟರ್. ಗೋಡಿ ಸೋರಾಕತ್ತೈತಿ. ಬಿಪಿ ಎಷ್ಟಿತ್ತು?"

"ನೂರು–ಎಂಬತ್ತ್ರಿ. ಚಲೋನ ಐತಲ್ರಿ."

"ಮ್ಯಾಲಿಂದು ಬಿಡ್ರಿ. ಎರಡರ ನಡುವ ಅಂತರ ಎಷ್ಟಾತು?"

ಇಪ್ಪತ್ತು. ಬಾಯಿಂದ ಆ ಸಂಖ್ಯೆ ಹೊರಡುವ ಮೊದಲೇ ನನ್ನ ಕಾಲು ಮೆಟ್ಟಿಲ ಕಡೆ ಹೊರಟಿತ್ತು. ಮೇಲಿನದಕ್ಕೂ ಕೆಳಗಿನದಕ್ಕೂ ನಲವತ್ತರ ಆಸುಪಾಸು ಅಂತರವಿರಬೇಕು, ಇಪ್ಪತ್ತಕ್ಕೆ ಇಳಿದರೆ ಹೃದಯ ಖಾಲಿ ನಾಳಗಳ ಜೊತೆ ಗುದ್ದಾಡುತ್ತಿದೆ ಎಂದರ್ಥ. ಇದನ್ನೂ ಓದಿದ್ದೆ, ಇದನ್ನೂ ಬರೆದು ಪಾಸಾಗಿದ್ದೆ. ಮತ್ತೆ ಪಟ್ಟಿ ಕಟ್ಟಿ ನೋಡಿದೆ. ತೊಂಬತ್ತಾರು–ಎಂಬತ್ತು. ನಾಡಿ ಬೆರಳಿಗೆ ಸಿಕ್ಕೂ ಸಿಗದಂತೆ ಓಡುತ್ತಿತ್ತು. ಹುಡುಗಿ ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿದಳು. "ಒಂದಕ್ಕ ಯಾವಾಗ ಹೋಗಿದ್ಲು?" ಎಂದು ತಾಯಿಯನ್ನು ಕೇಳಿದೆ. ಆಕೆ ಯೋಚಿಸಿ, "ಮುಂಜಾನಿಯಿಂದ ಹೋಗೇ ಇಲ್ರಿ" ಎಂದಳು.

ಡಾಕ್ಟರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ. ಕೋರ್ಟಿನೊಳಗೆ ಇದ್ದಿರಬೇಕು. ಚಾಚಾ ಪಕ್ಕದಲ್ಲೇ ನಿಂತು, "ಹಚ್ಚಕೋತ ಇರ್ರಿ" ಎನ್ನುತ್ತಿದ್ದರು. ಆರನೆಯ ಸಲವೋ ಏಳನೆಯ ಸಲವೋ ಎತ್ತಿದರು.

"ಸರ್, ತಾಂಬಾದ ಹುಡುಗೀದು ಪಿಸಿವಿ ನಲವತ್ತೈದು ಬಂದೈತ್ರಿ."

"ಪ್ಲೇಟ್‌ಲೆಟ್ ಎಷ್ಟು?"

"ಎಪ್ಪತ್ತು ಸಾವಿರ್ರಿ."

"ಎಪ್ಪತ್ತಕ್ಕ ಏನೂ ಆಗಂಗಿಲ್ಲ. ಜ್ವರ ಬಿಟ್ಟೈತಿಲ್ಲೋ? ಆ ಚಾಚಾಗ ಕಣ್ಣ ನೆಟ್ಟಗ ಕಾಣಸ್ತಾವೋ ಇಲ್ಲೋ, ಏನ ಓದ್ಯಾನೋ..."

ಫೋನು ಚಾಚಾನ ಕಿವಿಗೂ ಕೇಳುವಷ್ಟು ಹತ್ತಿರವಿತ್ತು. ಅವರ ಮುಖ ಒಮ್ಮೆ ಬಿಗಿಯಿತು. ನಾನು ಗಟ್ಟಿಯಾಗಿ ಹೇಳಿದೆ, "ನಾನೂ ಓದೇನ್ರಿ ಸರ್. ಮೂರು ಸಲ. ಬಿಪಿ ತೊಂಬತ್ತಾರು–ಎಂಬತ್ತ್ರಿ. ಮುಂಜಾನಿಯಿಂದ ಒಂದಕ್ಕ ಹೋಗಿಲ್ಲ."

ಆ ಕಡೆಯಿಂದ ಈಗ ಬಂದದ್ದು ಬೇರೆಯೇ ದನಿ. "ಆಕೀನ ಎಲ್ಲೂ ಬಿಡಬ್ಯಾಡ. ಈಗಿಂದೀಗ ಸಲಾಯಿನ್ ಹಚ್ಚು. ತೂಕ ಎಷ್ಟೈತಿ ಹೇಳು..." ಒಂದು ತಾಸಿಗೆ ಎಷ್ಟು ಹೋಗಬೇಕೆಂದು ಲೆಕ್ಕ ಹಾಕಿ ಹೇಳಿದರು, ನಾನು ಅಂಗೈ ಮೇಲೆ ಬರೆದುಕೊಂಡೆ. "ತಾಸಿಗೊಮ್ಮೆ ಬಿಪಿ, ಎರಡು ತಾಸಿಗೊಮ್ಮೆ ಪಿಸಿವಿ. ನಾ ಬರಾಕತ್ತೇನಿ."

ತಿರುಗಿ ನೋಡಿದರೆ ತಂದೆ ಹುಡುಗಿಯನ್ನು ಎಬ್ಬಿಸಿ ಹೆಗಲಿಗೆ ಹಾಕಿಕೊಂಡಿದ್ದರು. ಅವಳ ಎರಡೂ ಕೈ ಬೆನ್ನ ಮೇಲೆ ಸುಮ್ಮನೆ ಜೋಲುತ್ತಿದ್ದವು.

"ಕೆಳಗ ಮಲಗಿಸ್ರಿ ಆಕೀನ!" ಎಂದು ಕೂಗಿದೆ.

"ಯಾಕ್ರಿ? ಜ್ವರ ಇದ್ದಾಗ ಆರಾಮ ಆಗ್ತಾಳ ಅಂದ್ರಿ. ಜ್ವರ ಬಿಟ್ಟ ಮ್ಯಾಲ ಬಿಡಂಗಿಲ್ಲ ಅಂತೀರಿ. ಏನು ಚಾಷ್ಟಿ ಹಚ್ಚೀರಿ? ಕಾಗದ ಕೊಡ್ರಿ, ಸಹಿ ಮಾಡಿ ಒಯ್ತೇನಿ. ನನ್ನ ಮಗಳು, ನನ್ನ ಜವಾಬ್ದಾರಿ." ಅವರು ಬಾಗಿಲ ಕಡೆ ನಡೆದೇಬಿಟ್ಟರು. ಕೆಳಗೆ ಜೀಪಿನ ಹಾರ್ನು ಕೇಳಿಸಿತು.

ಚಾಚಾ ಬಾಗಿಲಿಗೆ ಅಡ್ಡ ನಿಂತರು. ಅವರು ಕೂಗಲಿಲ್ಲ. "ಒಯ್ಯೀರಂತ. ಅದಕ್ಕಿಂತ ಮೊದಲ ಒಂದು ಕೆಲಸ ಮಾಡ್ರಿ. ಕೂಸಿನ ಹಣಿ ಮುಟ್ರಿ." ತಂದೆ ಮುಟ್ಟಿದರು. "ಈಗ ಪಾದ ಮುಟ್ರಿ." ಚಾಚಾ ತಾವೇ ಅವರ ಕೈ ಹಿಡಿದು, ಹೆಗಲ ಮುಂದೆ ಇಳಿಬಿದ್ದಿದ್ದ ಆ ಸಣ್ಣ ಪಾದದ ಮೇಲೆ ಒತ್ತಿದರು. "ಹೊರಗ ಬಿಸಲು ಹೆಂಗ ಐತಿ ನೋಡ್ರಿ. ಈ ಪಾದ ಹ್ಯಾಂಗ ಐತಿ ನೋಡ್ರಿ. ಜ್ವರ ಹೋಗಿದ್ದು ಖರೆ. ಆದ್ರ ಈ ತಂಪು ಜ್ವರ ಹೋಗಿದ್ದರದಲ್ಲ. ರಕ್ತದಾಗಿನ ನೀರು ನಾಳ ಬಿಟ್ಟು ಹೊಟ್ಟಿಯೊಳಗ ಸೋರಾಕತ್ತೈತಿ. ಜೀಪಿನ್ಯಾಗ ಕುಂಡ್ರಿಸಿದ್ರ ತಾಂಬಾ ಮುಟ್ಟೂತನ ಏನಾಗತೈತಿ ಅಂತ ನಾ ಹೇಳಲಾರೆ."

ತಂದೆಯ ಕೈ ಪಾದದ ಮೇಲೇ ನಿಂತಿತು. ಅದು ನೀರಿನಲ್ಲಿ ಅದ್ದಿ ತೆಗೆದಂತೆ ತಣ್ಣಗಿತ್ತು ಎಂದು ನನಗೆ ಗೊತ್ತಿತ್ತು, ನಾನೂ ಮುಟ್ಟಿದ್ದೆ. ಹಿಂದಿನಿಂದ ತಾಯಿ, "ಮಲಗಸ್ರಿ, ನಿಮ್ಮ ಕಾಲಿಗೆ ಬೀಳತೇನಿ" ಎಂದಳು. ಅವರು ತಿರುಗಿ ಬಂದು ಮಗಳನ್ನು ಹಾಸಿಗೆಯ ಮೇಲಿಟ್ಟರು.

ನಾಳ ಕುಗ್ಗಿತ್ತು. ಮೊದಲ ಸೂಜಿ ಹೋಗಲಿಲ್ಲ. ಎರಡನೆಯದೂ ಹೋಗಲಿಲ್ಲ. ಚಾಚಾ ಹುಡುಗಿಯ ಮೊಣಕೈಯನ್ನು ಬಿಗಿಯಾಗಿ ಹಿಡಿದು, "ಹೋಗತೈತಿ, ಇನ್ನೊಮ್ಮೆ ನೋಡ್ರಿ" ಎಂದರು. ಮೂರನೆಯ ಸಲ ರಕ್ತ ಕಂಡಿತು. ಸಲಾಯಿನ್ ಇಳಿಯತೊಡಗಿತು. ಮೊದಲ ಎರಡು ತಾಸು ಏನೂ ಬದಲಾಗಲಿಲ್ಲ. ಅಂತರ ಹದಿನಾರು... ಹದಿನಾರು... ಹದಿನೆಂಟು. ಪಿಸಿವಿ ನಲವತ್ತೇಳಕ್ಕೆ ಏರಿತು. ಫೋನಿನಲ್ಲಿ ಡಾಕ್ಟರು ಹೇಳಿದಂತೆ ವೇಗ ಹೆಚ್ಚಿಸಿದೆ. ವಾರ್ಡಿನಲ್ಲಿ ಉಳಿದ ಹನ್ನೊಂದು ಹಾಸಿಗೆಯವರೂ ನಮ್ಮನ್ನೇ ನೋಡುತ್ತಿದ್ದರು.

ಆ ಹೊತ್ತಿನಲ್ಲೇ ಚಾಚಾ ಸಿಂದಗಿಯ ಮಾತು ಹೇಳಿದ್ದು. ಹುಡುಗಿಯ ಕಾಲಿನ ಬಳಿ ಸ್ಟೂಲು ಹಾಕಿಕೊಂಡು ಕೂತಿದ್ದರು. ಅವರನ್ನು ಹೋಗಿ ಊಟ ಮಾಡಿ ಬನ್ನಿ ಎಂದೆ. ತಲೆ ಅಲ್ಲಾಡಿಸಿದರು. ಅಲ್ಲಿಯ ಲ್ಯಾಬಿನಲ್ಲಿದ್ದಾಗ ಹೀಗೇ ಒಬ್ಬ ಹೆಣ್ಣುಮಗಳ ರಕ್ತ ಬಂದಿತ್ತಂತೆ, ಹೀಗೇ ಏರಿದ ಕೆಂಪು. ಬರೆದು, ಚೀಟಿಯನ್ನು ಕೌಂಟರಿನಲ್ಲಿ ಕೊಟ್ಟು ಊಟಕ್ಕೆ ಹೋಗಿದ್ದರು. ಸಂಜೆ ನೋಡಿದರೆ ಚೀಟಿ ರಜಿಸ್ಟರಿನ ಕೆಳಗೆ ಹಾಗೇ ಇತ್ತು. ಆಕೆಯನ್ನು ಮಧ್ಯಾಹ್ನವೇ ಮನೆಗೆ ಕಳಿಸಿದ್ದರು. ಮೂರು ದಿನದ ಮೇಲೆ ಆಕೆಯ ಗಂಡ ಒಬ್ಬನೇ ಬಂದು, ಉಳಿದ ರಿಪೋರ್ಟುಗಳನ್ನು ಕೇಳಿಕೊಂಡು ಹೋದನಂತೆ. "ಚೀಟಿ ತಾನಾಗಿ ನಡದು ಹೋಗಂಗಿಲ್ಲ ಅಂತ ಅವತ್ತ ತಿಳೀತ್ರಿ" ಎಂದರು. ನಾನು ಮತ್ತೆ ಬಿಪಿ ಪಟ್ಟಿ ಕಟ್ಟಿದೆ. ಅಂತರ ಇಪ್ಪತ್ತೆರಡು.

ಮೂರು ಗಂಟೆಗೆ ಡಾಕ್ಟರು ಬಂದರು. ಬಂದವರು ಶರ್ಟಿನ ತೋಳು ಮಡಚಿ ನೇರ ಹಾಸಿಗೆಗೆ ಹೋದರು. ಹೊಟ್ಟೆ ಮುಟ್ಟಿದರು, ಎದೆಗೆ ಸ್ಟೆತಾಸ್ಕೋಪ್ ಇಟ್ಟರು. ಆಗ ಪಿಸಿವಿ ನಲವತ್ತಮೂರು, ಅಂತರ ಮೂವತ್ತು. ನಾಲ್ಕು ಗಂಟೆಗೆ ಹುಡುಗಿ ತಾಯಿಗೆ ಏನೋ ಪಿಸುಗುಟ್ಟಿದಳು. ತಾಯಿ ಓಡಿಬಂದು, "ಒಂದಕ್ಕ ಬಂತಂತ್ರಿ!" ಎಂದಳು. ಆ ಮಾತಿಗೆ ಡಾಕ್ಟರು ನಕ್ಕರು. ಅವರು ಚಾಚಾನ ಕಡೆ ತಿರುಗಿ ಏನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ. ಆದರೆ ಮುಂದಿನ ಪಿಸಿವಿ ಚೀಟಿಯನ್ನು ಚಾಚಾ ತರುವವರೆಗೆ ಕಾಯದೆ ತಾವೇ ಮೆಟ್ಟಿಲ ಕೆಳಗಿನ ಆ ಕೋಣೆಗೆ ಇಳಿದು ಹೋದರು.

ಅಷ್ಟಕ್ಕೇ ಮುಗಿಯಲಿಲ್ಲ. ಮೂರನೆಯ ದಿನ ಮುಂಜಾನೆ ನಾನು ವಾರ್ಡಿಗೆ ಕಾಲಿಡುವಷ್ಟರಲ್ಲಿ ಚಾಚಾ ಚೀಟಿ ಹಿಡಿದು ಬಂದರು. ಪಿಸಿವಿ ಮೂವತ್ತನಾಲ್ಕು. ಹುಡುಗಿ ದಿಂಬಿಗೆ ಒರಗಿ ಕೂತು ಬೇಗಬೇಗ ಉಸಿರಾಡುತ್ತಿದ್ದಳು. ಬಾಟಲಿ ಇನ್ನೂ ಇಳಿಯುತ್ತಿತ್ತು. ಅದನ್ನು ನಿಧಾನ ಮಾಡಲು ಬಂದ ರಾತ್ರಿ ಪಾಳಿಯವಳನ್ನು ತಂದೆ ತಡೆದಿದ್ದರಂತೆ, ಇದರಿಂದಲೇ ಬದುಕಿದ್ದಾಳೆ, ಕಡಿಮೆ ಮಾಡಬೇಡಿ ಎಂದು.

"ಗೋಡಿ ಮುಚ್ಚೈತ್ರಿ ಸಿಸ್ಟರ್," ಎಂದರು ಚಾಚಾ. "ಹೊರಗ ನಿಂತ ನೀರು ತಿರಗಿ ನಾಳಕ್ಕ ಬರಾಕತ್ತೈತಿ. ಮ್ಯಾಲ ಇದನ್ನೂ ಬಿಟ್ರ ಪುಪ್ಪುಸದಾಗ ತುಂಬತೈತಿ." ನಾನು ಡಾಕ್ಟರಿಗೆ ಫೋನು ಹಚ್ಚುತ್ತಲೇ ಇನ್ನೊಂದು ಕೈಯಿಂದ ಸಲಾಯಿನ್ ಬಂದ್ ಮಾಡಿದೆ. ತಂದೆ ಹಾರಿ ಬಂದು ನನ್ನ ಮಣಿಕಟ್ಟು ಹಿಡಿದರು. "ಯಾಕ ನಿಲ್ಲಿಸ್ತೀರಿ?" ಅವರ ಕಣ್ಣಲ್ಲಿ ಮೊನ್ನೆಯ ಸಿಟ್ಟಿರಲಿಲ್ಲ, ಬರೀ ಭಯ. ಚಾಚಾ ಅವರ ಭುಜದ ಮೇಲೆ ಕೈಯಿಟ್ಟರು. "ಮೊನ್ನಿ ನನ್ನ ಮಾತು ಕೇಳಿದ್ರಿ. ಇವತ್ತೊಂದು ದಿನ ಕೇಳ್ರಿ." ಮಣಿಕಟ್ಟಿನ ಹಿಡಿತ ಸಡಿಲವಾಯಿತು. ಡಾಕ್ಟರು ಬಂದು ಹೆಚ್ಚಿನ ನೀರನ್ನು ಮೂತ್ರವಾಗಿ ಹೊರಹಾಕುವ ಇಂಜೆಕ್ಷನ್ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಮಲಗಿಯೇ ಉಸಿರಾಡುವಂತಾದಳು. ಸಂಜೆ ರೊಟ್ಟಿ ಬೇಕೆಂದು ಅತ್ತಳು.

ಡಿಸ್ಚಾರ್ಜಿನ ದಿನ ತಂದೆ ಒಂದು ಚೀಲ ನಿಂಬೆಹಣ್ಣು ತಂದಿಟ್ಟು, ವಾರ್ಡಿನವರಿಗೆಲ್ಲ ಹೇಳುತ್ತಿದ್ದರು, ಪಪ್ಪಾಯಿ ಎಲೆಯ ರಸ ಕುಡಿಸಿದ್ದಕ್ಕೇ ಪ್ಲೇಟ್‌ಲೆಟ್ ಏರಿತು, ನೀವೂ ಕುಡಿಸಿರಿ ಎಂದು. ನನಗೆ ಮೈ ಉರಿಯಿತು. ಚಾಚಾ ನಕ್ಕುಬಿಟ್ಟರು. "ಅಂದ್ಕೊಳ್ಳಲಿ ಬಿಡ್ರಿ. ನಡಕೋತ ಹೊಂಟಾಳ ನೋಡ್ರಿ, ಅದನ್ನ ನೋಡ್ರಿ." ಅವರು ಕಣ್ಣು ಕಿರಿದು ಮಾಡಿಕೊಂಡು ಬಾಗಿಲ ಕಡೆ ನೋಡುತ್ತಲೇ ಇದ್ದರು, ಹುಡುಗಿ ಮೆಟ್ಟಿಲಿಳಿದು ಮರೆಯಾದ ಮೇಲೂ...

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರು ಲ್ಯಾಬಿನಲ್ಲಿ ತಮ್ಮ ಸಾಮಾನು ಕಟ್ಟುತ್ತಿದ್ದರು. ಕೆಲಸ ಬಿಡುತ್ತೇನೆ ಎಂದರು. ಹೊಸ ಯಂತ್ರ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಅದಕ್ಕೇ ಬೇಸರವೇ ಎಂದು ಕೇಳಿದೆ.

"ಅದಕ್ಕಲ್ರಿ. ಸೊಲ್ಲಾಪುರಕ್ಕ ಹೋಗಿ ಕಣ್ಣ ತೋರಿಸಿ ಬಂದೆ. ಸಕ್ಕರಿ ಬ್ಯಾನಿ ಇಪ್ಪತ್ತು ವರ್ಷದ್ದು. ಕಣ್ಣಿನ ಹಿಂದಿನ ಪರದೇದಾಗ ಸಣ್ಣ ನಾಳದ ಗೋಡಿ ಸೋರಾಕತ್ತಾವಂತ." ಬೇರೆ ಯಾರದೋ ರಿಪೋರ್ಟ್ ಓದುವಂತೆ ಹೇಳಿದರು. "ಕಿಡ್ನಿಯಾಗೂ ಐತಿ. ಅದು ನನಗ ಮೊದಲ ಗೊತ್ತಿತ್ತು. ನನ್ನ ಉಚ್ಚಿ ನಾನ ತಪಾಸ ಮಾಡಕೊಂಡಿದ್ದೆ. ಅದರಾಗ ಅಲ್ಬುಮಿನ್ ಬರಾಕತ್ತಿತ್ತು."

ನನಗೆ ಆ ಮೂರು ನಳಿಕೆಗಳು ನೆನಪಾದವು. "ಚಾಚಾ, ತಾಂಬಾದ ಹುಡುಗಿ ದಿನ...?"

ಅವರು ಕಟ್ಟುವುದನ್ನು ನಿಲ್ಲಿಸಿದರು. "ಅವತ್ತ ಗೆರಿ ಎರಡಾಗಿ ಕಾಣಸ್ತಿತ್ರಿ. ಒಂದು ಮೂವತ್ತೊಂಬತ್ತಕ್ಕ, ಒಂದು ನಲವತ್ತೈದಕ್ಕ. ಯಾವುದು ಖರೆ ಅಂತ ಅರ್ಧ ತಾಸು ಕುಂತಿದ್ದೆ. ನೀವು ಬಂದು ಓದಿದ ಮ್ಯಾಲ ಜೀವ ಬಂತು."

ನನಗೆ ಸಿಟ್ಟು ಬಂತು. ಸುಳ್ಳೇಕೆ, ಬಹಳ ಸಿಟ್ಟು ಬಂತು. ಕಣ್ಣು ಕಾಣದವರು ಇಷ್ಟು ದಿನ ಇಷ್ಟು ಜನರ ರಕ್ತ ಓದಿದಿರೇ, ಒಂದು ತಪ್ಪಾಗಿದ್ದರೆ ಎಂದು ಕೇಳಿಯೇಬಿಟ್ಟೆ. ಅವರು ತಲೆ ತಗ್ಗಿಸಿ ಹೇಳಿದರು, "ಒಂದ ವರ್ಷದಿಂದ ಒಂದು ನಳಿಗೀನೂ ನಾ ಒಬ್ಬನ ಓದಿಲ್ಲವ್ವಾ. ಯಾರರೆ ಓದಿದ ಮ್ಯಾಲನ ಬರದೇನಿ. ಆದ್ರೂ ಹೇಳಬೇಕಿತ್ತು. ಕೆಲಸ ಹೋಗತೈತಿ ಅಂತ ಅಂಜಿದೆ. ಅದು ತಪ್ಪು." ಕಲಿಸುವ ಹುಚ್ಚು ಎಂದುಕೊಂಡಿದ್ದೆನಲ್ಲ... ಕಂಪೌಂಡರ, ರೋಗಿಯ ಅಣ್ಣ, ಯಾರದೋ ಅಜ್ಜಿ, ನಾನು. ಎಲ್ಲರ ಕಣ್ಣನ್ನೂ ಅವರು ಎರವಲು ಪಡೆದಿದ್ದರು. ಅವತ್ತು ನಾನು ಅವರಿಗೆ ಸರಿಯಾಗಿ ಹೋಗಿ ಬನ್ನಿ ಎಂದೂ ಹೇಳಲಿಲ್ಲ.

ಅವರು ಮುದ್ದೇಬಿಹಾಳಕ್ಕೆ ಮಗಳ ಮನೆಗೆ ಹೋದರು. ನನಗೆ ಸರ್ಕಾರಿ ನೌಕರಿ ಸಿಕ್ಕು ಬಾಗೇವಾಡಿಗೆ ಬಂದೆ. ಸಿಟ್ಟು ಇಳಿದ ಮೇಲೆ ಆಗಾಗ ಫೋನಿನಲ್ಲಿ ಮಾತಾಡುತ್ತಿದ್ದೆ. ಕೊನೆಕೊನೆಗೆ ಡಯಾಲಿಸಿಸ್ ಹಚ್ಚಿದ್ದಾರೆ ಎಂದು ಕೇಳಿ, ಹೋಗಬೇಕು ಹೋಗಬೇಕು ಎಂದುಕೊಂಡೇ ತಿಂಗಳುಗಳು ಹೋದವು. ಎಷ್ಟು ದೂರ ಅದು? ಮುಂಜಾನೆ ಹೊರಟರೆ ಮಧ್ಯಾಹ್ನದ ಡ್ಯೂಟಿಗೆ ತಿರುಗಿ ಬರಬಹುದಾದಷ್ಟು. ಹೋದ ವರ್ಷ ಇಂಡಿಯ ಆ ಹಳೆಯ ಕಂಪೌಂಡರ ಫೋನು ಮಾಡಿ, ಚಾಚಾ ಹೋಗ್ಯಾರ, ಹದಿನೈದು ದಿನ ಆತು ಎಂದ.

ಆಮೇಲೆ ಹೋದೆ. ಅವರ ಹೆಂಡತಿ, ಚಾಚಿ, ಚಹಾ ಕೊಟ್ಟು ಎದುರಿಗೆ ಕೂತರು. ಕಡೆಯ ವರ್ಷ ಚಾಚಾನಿಗೆ ಏನೂ ಕಾಣುತ್ತಿರಲಿಲ್ಲವಂತೆ. ಡಯಾಲಿಸಿಸ್ ಮೇಲೆ ಮಲಗಿದಾಗ, ಹೊತ್ತು ಕಳೆಯಲು ಹಳೆಯದನ್ನು ಮಾತಾಡುತ್ತಿದ್ದರಂತೆ. "ತಾಂಬಾದ ಹುಡುಗಿ ಅಂತ ಒಬ್ಬಾಕೀದು ಭಾಳ ಹೇಳ್ತಿದ್ರವ್ವಾ. ಈಗ ಆಕಿ ಹತ್ತನೇತ್ತಾ ಮುಗಿಸಿರಬೇಕು, ಈಗ ಕಾಲೇಜಿಗೆ ಹೊಂಟಿರಬೇಕು ಅಂತ ವರ್ಷಾ ಎಣಸ್ತಿದ್ರು. ಆಕಿ ಹೆಸರು ಕೇಳಿದ್ರ ಮಾತ್ರ ತಮಗ ನೆನಪಿಲ್ಲ, ಸಿಸ್ಟರ್‌ಗ ಗೊತ್ತೈತಿ ಅಂತಿದ್ರು. ಏನ್ರಿ ಆಕಿ ಹೆಸರು?"

ನಾನು ಚಹಾದ ಬಸಿ ಹಿಡಿದು ಕೂತೆ. ಎರಡು ಜಡೆ ನೆನಪಿತ್ತು, ಪಾದದ ತಂಪು ನೆನಪಿತ್ತು, ಪ್ರತಿ ತಾಸಿನ ಸಂಖ್ಯೆಯೂ ನೆನಪಿತ್ತು. ಹೆಸರು ಮಾತ್ರ ಎಷ್ಟು ತಡಕಾಡಿದರೂ ಬರಲಿಲ್ಲ. "ನನಗೂ ನೆನಪಾಗವಲ್ದ್ರಿ ಚಾಚಿ" ಎಂದೆ. ಅವರು ಪರವಾಗಿಲ್ಲ ಎನ್ನುವಂತೆ ನನ್ನ ಮೊಣಕಾಲು ತಟ್ಟಿದರು.

ಈಗ ಸಿಂದಗಿ–ಇಂಡಿ ಬಸ್ಸಿನಲ್ಲಿ ಹೋಗುವ ಪ್ರಸಂಗ ಬಂದಾಗಲೆಲ್ಲ, ತಾಂಬಾದಲ್ಲಿ ಹತ್ತುವ ಇಪ್ಪತ್ತು ದಾಟಿದ ಹೆಣ್ಣುಮಕ್ಕಳ ಮುಖ ನೋಡುತ್ತೇನೆ. ಮೊನ್ನೆ ಒಬ್ಬಾಕೆ ಕಂಕುಳಲ್ಲಿ ಕೂಸು ಎತ್ತಿಕೊಂಡು ನನ್ನ ಪಕ್ಕದಲ್ಲೇ ಬಂದು ಕೂತಳು. ಚಿಕ್ಕವಳಿದ್ದಾಗ ಇಂಡಿಯ ಆಸ್ಪತ್ರೆಯಲ್ಲಿ ಇದ್ದೆಯೇನವ್ವಾ ಎಂದು ಕೇಳಬೇಕೆಂದು ಬಾಯಿ ತೆರೆದೆ. ಕೇಳಲಿಲ್ಲ. ಹೌದೆಂದರೆ ಆ ಹೆಸರನ್ನು ಒಯ್ದು ಯಾರಿಗೆ ಹೇಳಲಿ?